ಮಾಮೂಲು

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ, ದುಬೈಯಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮೊಮ್ಮಗ ರಜದ ಮೇಲೆ ಊರಿಗೆ ಬಂದವನು ನಮ್ಮನ್ನೂ ನೋಡಿಕೊಂಡು ಹೋಗಲು ಮನೆಗೆ ಬಂದ. ಹಿರಿಯರನ್ನು ಕಾಣಲು ಬರಿಗೈಯಲ್ಲಿ ಬರಬಾರದೆಂಬ ಸಂಪ್ರದಾಯವನ್ನು ಅವನು ಮರೆತಿರಲಿಲ್ಲ. ಒಂದು ತಗಡಿನ ಡಬ್ಬಿಯನ್ನು ಮುಂದಿಟ್ಟು ನಮಸ್ಕಾರ ಮಾಡಿದ. ಡಬ್ಬಿಯ ಮೇಲೆ ಅರಬ್ಬಿ ಲಿಪಿಯಲ್ಲಿ ಏನೋ ಬರೆದಿತ್ತು. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಮಾಮೂಲ್’ ಎಂದಿತ್ತು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ಸಂದೇಹವಿರಲಿಲ್ಲ.

“ಏನಯ್ಯಾ ಇದು?” ಎಂದೆ.

“ಸ್ವೀಟು ತಾತ. ಅಲ್ಲಿ ಹಬ್ಬಕ್ಕೆ ಇದನ್ನೇ ಹಂಚೋದು. ರವೆ ಹಿಟ್ಟಿನ ಒಳಗೆ ಖರ್ಜೂರದ ಹೂರಣ ತುಂಬಿರ್ತಾರೆ.”

ಕಾಫಿ ಹಿಡಿದು ಒಳಗಿನಿಂದ ಬಂದ ನಮ್ಮ ಮನೆಯಾಕೆ ಹೆಸರು ಕೇಳಿದವಳೇ ನಕ್ಕುಬಿಟ್ಟಳು. “ನಮ್ಮಲ್ಲಿ ಕವರಿನಲ್ಲಿ ಕೊಡ್ತಾರೆ, ಅವರು ಡಬ್ಬೀಲಿ ಕೊಡ್ತಾರೆ ಅಂತ ಕಾಣುತ್ತೆ” ಎಂದಳು. ಹುಡುಗನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅವನೂ ನಕ್ಕ, ನಾನೂ ನಕ್ಕೆ. ತಿಂಡಿ ರುಚಿಯಾಗಿಯೇ ಇತ್ತು, ನಮ್ಮ ಹೂರಣದ ಕಡುಬಿನ ದೂರದ ನೆಂಟನ ಹಾಗೆ. ಆದರೆ ಅವನು ಹೊರಟುಹೋದ ಮೇಲೂ ಆ ಹೆಸರು ನನ್ನ ತಲೆಯಲ್ಲಿ ಸುಳಿಯುತ್ತಲೇ ಇತ್ತು. ನನ್ನಂಥ ನಿವೃತ್ತ ಮನುಷ್ಯನಿಗೆ ಒಂದು ಶಬ್ದ ಸಿಕ್ಕಿದರೆ ನಾಲ್ಕು ದಿನಕ್ಕೆ ಸಾಕು. ಈ ಶಬ್ದವಂತೂ ನನಗೆ ಹಳೆಯ ಸಾಲಗಾರ. ಅದರ ಕತೆಯನ್ನು ಕಡೆಗೆ ಹೇಳುತ್ತೇನೆ.

ಡಬ್ಬಿಯಲ್ಲಿದ್ದ ಮಾಮೂಲೂ ಕವರಿನಲ್ಲಿ ಹೋಗುವ ಮಾಮೂಲೂ ಕೇವಲ ಉಚ್ಚಾರಸಾಮ್ಯದಿಂದ ಕೂಡಿದವಲ್ಲ; ಎರಡೂ ಒಂದೇ ಶಬ್ದ. ಅರಬ್ಬಿಯಲ್ಲಿ ‘ಅಮಲ್’ ಎಂದರೆ ಕೆಲಸ, ಕ್ರಿಯೆ. ‘ಮಾಮೂಲ್’ ಎಂದರೆ ಮಾಡಲ್ಪಟ್ಟದ್ದು. ಕೈಯಿಂದ ಮಾಡಿದ್ದು ತಿಂಡಿಯಾಯಿತು. ಹಿಂದಿನಿಂದ ಮಾಡುತ್ತ ಬಂದದ್ದು ವಾಡಿಕೆಯಾಯಿತು. ಈ ಎರಡನೆಯ ಅರ್ಥವೇ ಪಾರಸಿಯ ದಾರಿಯಾಗಿ, ಸುಲ್ತಾನರ ಮತ್ತು ನವಾಬರ ಆಡಳಿತದೊಡನೆ, ಅರ್ಜಿ ಜಮೀನು ವಸೂಲಿ ಜಪ್ತಿ ಮುಂತಾದ ತನ್ನ ಒಡನಾಡಿಗಳ ಗುಂಪಿನಲ್ಲಿ ನಮ್ಮ ನಾಡಿಗೆ ಬಂತು. 1886ರಲ್ಲಿ ಪ್ರಕಟವಾದ ‘ಹಾಬ್‌ಸನ್-ಜಾಬ್‌ಸನ್’ ಎಂಬ ಹೆಸರುವಾಸಿಯಾದ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಇಬ್ಬರೂ ಇದಕ್ಕೆ ಪದ್ಧತಿ, ರೂಢಿ ಎಂಬ ಅರ್ಥವನ್ನೇ ಕೊಟ್ಟಿದ್ದಾರೆ. ಉತ್ತರದವರ ಬಾಯಲ್ಲಿ ಇಂದಿಗೂ ‘ಮಾಮೂಲಿ’ ಎಂದರೆ ಸಾಧಾರಣವಾದದ್ದು, ಲೆಕ್ಕಕ್ಕಿಲ್ಲದ್ದು. ಅವರಲ್ಲಿ ಲಂಚಕ್ಕೆ ಬೇರೆ ಮಾತುಗಳಿವೆ. ಮುಂಬಯಿಯವರಂತೂ ವಾರ ಎಂಬುದನ್ನೇ ‘ಹಫ್ತಾ’ ಮಾಡಿ ಪಂಚಾಂಗಕ್ಕೆ ಕಳಂಕ ತಂದಿದ್ದಾರೆ. ಮಾಮೂಲನ್ನು ಲಂಚ ಮಾಡಿದ ಕೀರ್ತಿ ಕನ್ನಡ, ತೆಲುಗು, ತಮಿಳು ಆಡುವ ನಮ್ಮದು.

ಈ ಅಮಲ್ ಎಂಬ ಧಾತುವಿನ ಸಂತಾನ ನಮ್ಮಲ್ಲಿ ದೊಡ್ಡದು. ಹಳೆಯ ಮೈಸೂರಿನ ತಾಲ್ಲೂಕಿನ ಅಧಿಕಾರಿ ‘ಅಮಲ್ದಾರ’. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಬಿಜಾಪುರಗಳಲ್ಲಿ ಅವನೇ ‘ಮಾಮಲೇದಾರ’; ಅದು ವ್ಯವಹಾರ ಎಂಬರ್ಥದ ‘ಮುಆಮಲಾ’ ಎಂಬುದರಿಂದ ಬಂದದ್ದು, ಅದೂ ಇದೇ ಬೇರಿನದು. 1956ರಲ್ಲಿ ನಾಡು ಒಂದಾದ ಮೇಲೆ ಕ್ರಮೇಣ ಎಲ್ಲರೂ ತಹಸೀಲ್ದಾರರಾದರು. ಒಂದು ಆಜ್ಞೆಯನ್ನು ‘ಅಮಲಿಗೆ ತರುವುದು’ ಎಂದರೆ ಜಾರಿ ಮಾಡುವುದು. ಹಾಗಾದರೆ ‘ಅಮಲು’ ಎಂದರೆ ಮದ್ಯದ ಮತ್ತು ಎಂಬ ಅರ್ಥ ಎಲ್ಲಿಂದ? ಅದೂ ಅಲ್ಲಿಂದಲೇ. ಹೊಟ್ಟೆಗೆ ಹೋದ ವಸ್ತು ತನ್ನ ಕೆಲಸ ಮಾಡತೊಡಗಿತು ಎಂಬುದೇ ಅಮಲು ಏರುವುದು. ‘ಅಧಿಕಾರದ ಅಮಲು’ ಎಂದು ನಾವು ಬೈಯುವಾಗ ಆ ಶಬ್ದದ ಎರಡು ಮುಖಗಳನ್ನೂ ನಮಗರಿಯದೆಯೇ ಒಂದುಗೂಡಿಸುತ್ತೇವೆ. ಇವೆಲ್ಲದರ ಪಕ್ಕದಲ್ಲಿ, ಯಾವ ನೆಂಟಸ್ತಿಕೆಯೂ ಇಲ್ಲದೆ, ಧ್ವನಿಯಲ್ಲಿ ಮಾತ್ರ ಹತ್ತಿರವಾಗಿ, ನಮ್ಮ ಸಂಸ್ಕೃತದ ‘ಅಮಲ’ ನಿಂತಿದೆ. ಮಲವಿಲ್ಲದ್ದು, ಕೊಳೆಯಿಲ್ಲದ್ದು. ಒಂದು ಉಕಾರ ಅಂಟಿದರೆ ನಿರ್ಮಲವಾದದ್ದು ಮತ್ತಾಗುತ್ತದೆ.

ಇನ್ನು ಬೀದಿಗೆ ಬನ್ನಿ. ನಾನು ಬೆಳಗಿನ ತಿರುಗಾಟ ಮುಗಿಸಿ ಹೋಗುವ ಹೋಟಲಿನಲ್ಲಿ ಮಾಣಿ ನನ್ನನ್ನು ಕಂಡೊಡನೆ “ಮಾಮೂಲಾ ಸಾರ್?” ಎನ್ನುತ್ತಾನೆ. ಅವನು ಕೇಳುವುದು ನನ್ನ ಒಂದು ಪ್ಲೇಟು ಇಡ್ಲಿ, ಒಂದು ಕಾಫಿಯನ್ನು. ಅಷ್ಟು ಹೊತ್ತಿಗೆ ಇಬ್ಬರು ಕಾಲೇಜು ಹುಡುಗರು ಎದುರಾಗುತ್ತಾರೆ; “ಏನ್ ಗುರು ಸಮಾಚಾರ?” “ಮಾಮೂಲು, ಮಗಾ”. ಇಲ್ಲಿ ಗುರುವೂ ಗುರುವಲ್ಲ, ಮಗನೂ ಮಗನಲ್ಲ. ಮಾಮೂಲು ಎಂದರೆ ‘ಹೇಳುವಂಥದ್ದೇನಿಲ್ಲ, ಬದುಕಿದ್ದೇನೆ’ ಎಂದು. ‘ಅವನು ಮಾಮೂಲಿ ಆಸಾಮಿಯಲ್ಲ’ ಎಂದರೆ ಹೊಗಳಿಕೆಯೋ ಎಚ್ಚರಿಕೆಯೋ ಹೇಳುವವನ ಹುಬ್ಬು ನೋಡಿ ತಿಳಿಯಬೇಕು. ಅದೇ ಹುಡುಗರು ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಪೋಲೀಸಿನವನನ್ನು ‘ಮಾಮ’ ಎಂದು ಕರೆಯುತ್ತಾರೆ. ಮಾಮನಿಗೂ ಮಾಮೂಲಿಗೂ ಭಾಷಾಶಾಸ್ತ್ರದಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ಕಿವಿಗೆ ಶಾಸ್ತ್ರ ತಿಳಿಯದು. ಸೋದರಮಾವನಾದವನು ಅಳಿಯನಿಗೆ ಉಡುಗೊರೆ ಕೊಡಬೇಕಾದದ್ದು ಲೋಕದ ಮಾಮೂಲು. ಇಲ್ಲಿ ಅದು ತಿರುಗುಮುರುಗಾಗಿರುವುದನ್ನು ಹುಡುಗರ ಹಾಸ್ಯ ಕಂಡುಕೊಂಡಿದೆ.

ಇಷ್ಟು ಬಗೆಯ ಅರ್ಥಗಳ ನಡುವೆ ಲಂಚದ ಅರ್ಥ ಹೇಗೆ ಸದ್ದಿಲ್ಲದೆ ಬಂದು ಕುಳಿತಿತು ಎಂಬುದೇ ನನ್ನ ಪ್ರಶ್ನೆ. ವ್ಯಾಕರಣದ ಕಡೆಯಿಂದ ನೋಡಿದರೆ ಸ್ವಲ್ಪ ಬೆಳಕು ಬೀಳುತ್ತದೆ. ಕನ್ನಡದಲ್ಲಿ ಲಂಚವನ್ನು ‘ತಿನ್ನುತ್ತಾರೆ’. ತಿನ್ನಬೇಕಾದರೆ ಬಾಯಿರಬೇಕು, ಬಾಯಿಗೊಬ್ಬ ಯಜಮಾನನಿರಬೇಕು. ಲಂಚ ಎಂಬ ಮಾತನ್ನಾಡಿದೊಡನೆ ವಾಕ್ಯದಲ್ಲಿ ಒಬ್ಬ ಕರ್ತೃ ಬಂದು ನಿಲ್ಲುತ್ತಾನೆ, ಅವನ ಮೋರೆ ಕಾಣುತ್ತದೆ. ಮಾಮೂಲನ್ನು ಯಾರೂ ತಿನ್ನುವುದಿಲ್ಲ. ಅದು ‘ಸಲ್ಲುತ್ತದೆ’, ‘ಮುಟ್ಟುತ್ತದೆ’, ‘ತಲುಪುತ್ತದೆ’, ‘ನಡೆಯುತ್ತದೆ’. ಮಳೆ ಬರುವ ಹಾಗೆ, ಹೊಳೆ ಹರಿಯುವ ಹಾಗೆ, ಅದಕ್ಕೆ ಮಾಡುವವನು ಬೇಕಿಲ್ಲ. ‘ಮಾಡಲ್ಪಟ್ಟದ್ದು’ ಎಂಬ ಮೂಲಾರ್ಥವೇ ಕರ್ಮಣಿಯದು. ಯಾರಿಂದ ಎಂಬುದನ್ನು ಅದು ಹುಟ್ಟಿನಿಂದಲೇ ಹೇಳುವುದಿಲ್ಲ. “ಮಾಮೂಲು ಕೊಡಬೇಕು” ಎಂಬ ವಾಕ್ಯದಲ್ಲಿ ಯಾರು ಕೇಳಿದರು ಎಂಬುದಿಲ್ಲ, ಯಾಕೆ ಎಂಬುದಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಮುಂದೆ ಕೈಯೊಡ್ಡಿದ ದೃಶ್ಯವೇ ಅಳಿಸಿಹೋಗಿ ಒಂದು ಪದ್ಧತಿ ಮಾತ್ರ ಉಳಿಯುತ್ತದೆ.

ಇದಕ್ಕೆ ಜೊತೆಯಾಗಿ ನಾವೇ ಹುಟ್ಟಿಸಿದ ಇನ್ನೊಂದು ಮಾತುಂಟು. ಅದರ ಚರಿತ್ರೆ ಇನ್ನೂ ಸ್ವಾರಸ್ಯವಾದದ್ದು. ಕನ್ನಡಿಗರು ಯಾವ ಶಬ್ದಕ್ಕಾದರೂ ‘ಗಿ’ಕಾರದ ಒಂದು ನೆರಳನ್ನು ಜೋಡಿಸುತ್ತೇವೆ: ಪುಸ್ತಕ ಗಿಸ್ತಕ, ಮದುವೆ ಗಿದುವೆ, ಹಾವು ಗೀವು. ಗಿಸ್ತಕಕ್ಕೆ ಸ್ವತಂತ್ರವಾದ ಅರ್ಥವಿಲ್ಲ. ಯಾರೂ ಅಂಗಡಿಗೆ ಹೋಗಿ ಎರಡು ಗಿಸ್ತಕ ಕೊಡಿ ಎನ್ನುವುದಿಲ್ಲ. ಹಾಗೆಯೇ ‘ಸಂಬಳ ಗಿಂಬಳ’ ಎಂದು ಹೇಳುತ್ತಿದ್ದರು. ಸಂಬಳವೆಂಬುದು ಸಂಸ್ಕೃತದ ‘ಶಂಬಲ’, ದಾರಿಬುತ್ತಿ, ಕುಲೀನವಾದ ಶಬ್ದ. ಗಿಂಬಳಕ್ಕೆ ತಂದೆತಾಯಿಯಿಲ್ಲ, ಅದು ಸಂಬಳದ ಪ್ರತಿಧ್ವನಿ. ಆದರೆ ಒಂದು ದಿನ ಆ ಪ್ರತಿಧ್ವನಿ ಧ್ವನಿಯನ್ನು ಬಿಟ್ಟು ತಾನೇ ಎದ್ದು ನಡೆಯಿತು. “ಅವನಿಗೆ ಸಂಬಳಕ್ಕಿಂತ ಗಿಂಬಳವೇ ಹೆಚ್ಚು” ಎಂದರೆ ಈಗ ಮಗುವಿಗೂ ತಿಳಿಯುತ್ತದೆ. ನೆರಳಿಗೆ ಮೈ ಬಂದ ಇಂಥ ಉದಾಹರಣೆ ನನಗೆ ತಿಳಿದ ಮಟ್ಟಿಗೆ ನಮ್ಮ ಭಾಷೆಯಲ್ಲಿ ಬೇರೆ ಇಲ್ಲ. ಭಾಷೆ ಸುಮ್ಮನೆ ಈ ಅನುಗ್ರಹ ಮಾಡುವುದಿಲ್ಲ. ವಸ್ತುವು ಲೋಕದಲ್ಲಿ ಗಟ್ಟಿಯಾಗಿ ಇದ್ದಿತು, ಅದಕ್ಕೊಂದು ಹೆಸರು ಬೇಕಾಗಿತ್ತು, ಹತ್ತಿರದಲ್ಲಿ ಖಾಲಿ ಬಿದ್ದಿದ್ದ ಶಬ್ದವನ್ನು ಎತ್ತಿಕೊಂಡಿತು. ಗಿಂಬಳದಲ್ಲಿ ಒಂದು ನಗೆಯಾದರೂ ಇದೆ. ಹೇಳುವವನಿಗೂ ಕೇಳುವವನಿಗೂ ಇದು ಸರಿಯಲ್ಲವೆಂದು ಗೊತ್ತು. ಮಾಮೂಲಿನಲ್ಲಿ ಆ ನಗೆಯೂ ಇಲ್ಲ. ಅದು ಗಂಭೀರವಾಗಿ ಪಂಚೆಯುಟ್ಟು ಕುಳಿತಿದೆ.

ವಾಡಿಕೆ ಎಂಬ ಶಬ್ದ ಹಣವಾಗುವುದು ನಮ್ಮಲ್ಲಿ ಮಾತ್ರ ನಡೆದದ್ದೆಂದು ತಿಳಿಯಬಾರದು. ‘ದಸ್ತೂರ್’ ಎಂದರೂ ಪದ್ಧತಿಯೇ. ‘ದಸ್ತೂರಿ’ ಎಂದರೆ ದಲ್ಲಾಳಿಯೂ ಬಟ್ಲರನೂ ನಡುವೆ ಹಿಡಿದುಕೊಳ್ಳುವ ಪಾಲು. ‘ರುಸುಮು’ ಎಂಬುದರ ಮೂಲವೂ ಪದ್ಧತಿಯೆಂದೇ; ಈಗ ಅದು ಸುಂಕ. ಇಂಗ್ಲಿಷಿನ ‘ಕಸ್ಟಮ್ಸ್’ ಕೂಡ ವಾಡಿಕೆಯೆಂಬುದೇ. ಬಂದರಿನಲ್ಲಿ ಅದಕ್ಕೆ ಹಣ ಕಟ್ಟಬೇಕು. ಎಲ್ಲ ನಾಡಿನಲ್ಲೂ, ಯಾವನೋ ಒಬ್ಬ ಬಲಿಷ್ಠ ಒಂದು ಸಲ ತೆಗೆದುಕೊಂಡದ್ದು ಎರಡನೆಯ ಸಲ ನೆನಪಾಗಿ, ಮೂರನೆಯ ಸಲ ಹಕ್ಕಾಗಿರಬೇಕು. ಕೆಲವು ರಸೀದಿ ಪುಸ್ತಕವನ್ನು ಪಡೆದು ತೆರಿಗೆಯಾದವು. ರಸೀದಿ ಸಿಕ್ಕದವು ಮಾಮೂಲಾಗಿ ಉಳಿದವು.

ಈ ಮಾತಿಗೆ ಸಮರ್ಥನೆಯೇ ಇಲ್ಲವೆ? ಇದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಏಕೆಂದರೆ ನನ್ನ ಹೊಟ್ಟೆಯಲ್ಲಿ ಮಾಮೂಲಿನ ಅನ್ನವಿದೆ.

ನಮ್ಮ ತಂದೆಯವರು ಹಳೆಯ ಮೈಸೂರು ಸೀಮೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾವು ಐದು ಜನ ಮಕ್ಕಳು. ಅವರ ಸಂಬಳ ಎಷ್ಟೆಂಬುದನ್ನು ಹೇಳಿದರೆ ಇಂದಿನವರು ನಂಬಲಾರರು. ಮಾರ್ಗಶಿರದಲ್ಲಿ ಮನೆಗೆ ಅವರೆಕಾಯಿಯ ಮಂಕರಿ ಬರುತ್ತಿತ್ತು; ಸಂಕ್ರಾಂತಿಗೆ ಕಬ್ಬಿನ ಜಲ್ಲೆ, ಬೆಲ್ಲದ ಅಚ್ಚು; ಬೇಸಗೆಯಲ್ಲಿ ಮಾವಿನಕಾಯಿ, ಗೌರಿಹಬ್ಬಕ್ಕೆ ತೆಂಗಿನಕಾಯಿ. ತಂದವರು ಜಗಲಿಯ ಮೇಲೆ ಇಳಿಸಿ, ತಾಯಿಯವರು ಕೊಟ್ಟ ಮಜ್ಜಿಗೆ ಕುಡಿದು, “ಮಾಮೂಲು ಅವ್ವಾ, ಬುದ್ಧಿಯೋರಿಗೆ ಹೇಳಿ” ಎಂದು ಹೋಗುತ್ತಿದ್ದರು. ನಮ್ಮ ಪಾಲಿಗೆ ಮಾಮೂಲು ಎಂದರೆ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುವ ಸಂಭ್ರಮ. 1979ರಲ್ಲಿ ತಂದೆಯವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಬಂದಿದ್ದ ಮುದುಕರೊಬ್ಬರು, ಹತ್ತಿರದ ಹಳ್ಳಿಯ ರೈತರು, ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. “ಅಂಥೋರು ಇನ್ನು ಹುಟ್ಟಾಕಿಲ್ಲ ಬುದ್ಧಿ. ನಿಮ್ಮ ತಂದೆಯೋರು ಲಂಚ ಮುಟ್ಟಿದೋರಲ್ಲ. ಮಾಮೂಲು ಬಿಟ್ಟರೆ ಒಂದು ಬಿಡಿಕಾಸು ಕೇಳಿದೋರಲ್ಲ.”

ಅವರು ವ್ಯಂಗ್ಯವಾಡಲಿಲ್ಲ. ಅದಕ್ಕಿಂತ ದೊಡ್ಡ ಪ್ರಶಂಸೆಯನ್ನು ಅವರು ತಿಳಿದಿರಲಿಲ್ಲ. ಈ ಎರಡು ವಾಕ್ಯಗಳನ್ನು ನಾನು ನಲವತ್ತೈದು ವರ್ಷಗಳಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಕೆಲವು ದಿನ ಅವು ಹಾರವೆನ್ನಿಸುತ್ತವೆ, ಕೆಲವು ದಿನ ಹೊರೆಯೆನ್ನಿಸುತ್ತವೆ.

ಆ ಮುದುಕರ ಪಕ್ಷವನ್ನು ಹೀಗೆ ಹಿಡಿಯಬಹುದು. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಶ್ಯಾನುಭೋಗ, ಪಟೇಲ, ತೋಟಿ, ತಳವಾರ, ಬಡಗಿ, ಕಮ್ಮಾರ, ಅಗಸ ಇವರಿಗೆಲ್ಲ ಕಣದಲ್ಲಿ ರಾಶಿಯ ಮೇಲೆ ‘ಆಯ’ವೆಂದು ಇಷ್ಟಿಷ್ಟು ಧಾನ್ಯ ಸಲ್ಲುತ್ತಿತ್ತು. ಅದೇ ಅವರ ಸಂಬಳ. ಹತ್ತು ಜನರೆದುರಿಗೆ ಅಳೆದು ಹಾಕಿದ್ದು. ಎಷ್ಟೆಂಬುದು ಎಲ್ಲರಿಗೂ ಗೊತ್ತು. ಹೆಚ್ಚು ಕೇಳಿದರೆ ಊರು ಸುಮ್ಮನಿರುತ್ತಿರಲಿಲ್ಲ. 1961ರ ಕಾನೂನಿನಿಂದ ಪರಂಪರೆಯ ಗ್ರಾಮಾಧಿಕಾರಗಳು ರದ್ದಾದವು, ಸಂಬಳದ ನೌಕರರು ಬಂದರು. ಆದರೆ ಸರಕಾರಿ ಕಾಗದ ಬರೆಯುವವನಿಗೆ ಪೈರಿನಲ್ಲೊಂದು ಪಾಲು ಸಲ್ಲಬೇಕೆಂಬ ಭಾವನೆ ರೈತನ ಮನಸ್ಸಿನಿಂದ ಒಂದು ಕಾನೂನಿಗೆ ಹೋಗುವಂಥದ್ದಲ್ಲ. ಲಂಚವೆಂದರೆ ಚೌಕಾಸಿ, ನನ್ನ ಸಂಕಟ ಎಷ್ಟು ದೊಡ್ಡದೋ ನಿನ್ನ ಬೆಲೆ ಅಷ್ಟು ದೊಡ್ಡದು. ಮಾಮೂಲಿಗೆ ಚೌಕಾಸಿಯಿಲ್ಲ. ಆದ್ದರಿಂದ ಅದು ಲಂಚವಲ್ಲ, ಮರ್ಯಾದೆ. ಹೀಗೆ ವಾದಿಸುವವರು ಕೆಟ್ಟವರಲ್ಲ. ನನ್ನ ತಂದೆಯವರೂ ಹೀಗೆಯೇ ತಿಳಿದಿದ್ದರೆಂದು ನಂಬುತ್ತೇನೆ.

ಇಲ್ಲಿಯೇ ‘ರೂಢಿ’ ಎಂಬ ಮಾತು ಅಡ್ಡ ಬರುತ್ತದೆ. ನಮ್ಮಲ್ಲಿ ಆ ಮಾತಿಗೆ ಎರಡು ಕೆಲಸ. ಶಬ್ದಕ್ಕೆ ಜನರ ಬಳಕೆಯಿಂದ ನಿಂತ ಅರ್ಥವೂ ರೂಢಿ, ಜನರ ನಡವಳಿಯೂ ರೂಢಿ. ಯೌಗಿಕಾರ್ಥಕ್ಕಿಂತ ರೂಢ್ಯರ್ಥ ಬಲವಾದದ್ದೆಂದು ಶಾಸ್ತ್ರಕಾರರು ತೀರ್ಮಾನಿಸಿದ್ದಾರೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲ, ತಾವರೆ ಮಾತ್ರ. ಏಕೆಂದರೆ ಜನ ಹಾಗೆನ್ನುತ್ತಾರೆ, ಅಷ್ಟೇ. ಮಾತಿನ ರಾಜ್ಯದಲ್ಲಿ ಜನರೇ ದೊರೆ. ಮಾಮೂಲು ಎಂದರೆ ಲಂಚವೆಂದು ಅವರು ಗೊತ್ತು ಮಾಡಿದರೆ ಅರಬ್ಬಿ ಪಂಡಿತರು ತಲೆ ಕೆಡಿಸಿಕೊಂಡು ಫಲವಿಲ್ಲ. ಆದರೆ ನಡತೆಯ ರಾಜ್ಯದಲ್ಲೂ ಇದೇ ನ್ಯಾಯವೆ? ಎಲ್ಲರೂ ಅನ್ನುವುದರಿಂದ ಅರ್ಥ ಸರಿಯಾಗುತ್ತದೆ. ಎಲ್ಲರೂ ಮಾಡುವುದರಿಂದ ಕೆಲಸ ಸರಿಯಾಗುತ್ತದೆಯೆ? ಒಂದೇ ಶಬ್ದ ಎರಡೂ ಕಡೆ ನಿಂತಿರುವುದರಿಂದ ನಾವು ಒಂದರ ನ್ಯಾಯವನ್ನು ಇನ್ನೊಂದಕ್ಕೆ ದಾಟಿಸಿಬಿಡುತ್ತೇವೆಂದು ನನ್ನ ಅನುಮಾನ.

ಹಾಗೆಂದು ನಡವಳಿಯಲ್ಲಿ ರೂಢಿಗೆ ಬೆಲೆಯೇ ಇಲ್ಲವೆನ್ನುವಂತಿಲ್ಲ. ಸ್ಪಷ್ಟವಾಗಿ ರುಜುವಾತಾದ ಆಚಾರವು ಬರೆದ ಶಾಸ್ತ್ರವಚನವನ್ನು ಮೀರುತ್ತದೆಂದು ಪ್ರಿವಿ ಕೌನ್ಸಿಲಿನವರು 1868ರಲ್ಲಿ ರಾಮನಾಡಿನ ಮೊಕದ್ದಮೆಯಲ್ಲಿ ಹೇಳಿದರು. ನಮ್ಮ ಕ್ರಯಪತ್ರಗಳಲ್ಲಿ ‘ಮಾಮೂಲು ದಾರಿ’ ಎಂದು ಬರೆಯುತ್ತಾರಲ್ಲ, ಅದನ್ನು ನೋಡಿ. ಒಬ್ಬ ಬಡ ರೈತ ತನ್ನ ಹೊಲಕ್ಕೆ ಪಕ್ಕದ ಸಾಹುಕಾರನ ಬದುವಿನ ಮೇಲೆ ಅಜ್ಜನ ಕಾಲದಿಂದ ಎತ್ತು ಹೊಡೆದುಕೊಂಡು ಹೋಗುತ್ತಿದ್ದಾನೆ. ಅವನ ಹತ್ತಿರ ಕಾಗದವಿಲ್ಲ, ಪತ್ರವಿಲ್ಲ. ಮಾಮೂಲು ಎಂಬ ಒಂದೇ ಮಾತಿದೆ. ಸಾಹುಕಾರ ಬೇಲಿ ಹಾಕಲು ಬಂದಾಗ ಆ ಮಾತೇ ಅವನಿಗೆ ಗುರಾಣಿ. ಬಡವನನ್ನು ಸುಲಿಯುವುದಕ್ಕೂ ಬಡವನನ್ನು ಕಾಪಾಡುವುದಕ್ಕೂ ಒಂದೇ ಶಬ್ದ! ಇದನ್ನು ಬಿಡಿಸುವುದು ಹೇಗೆ ಎಂದು ಬಹಳ ದಿನ ಯೋಚಿಸಿದ್ದೆ. ನಮ್ಮ ಬೀದಿಯ ವಕೀಲ ಮಿತ್ರರು 1882ರ ಈಸ್‌ಮೆಂಟ್ ಕಾನೂನಿನ ಪುಸ್ತಕ ತೆರೆದು ತೋರಿಸಿದರು. ಬರಿಯ ಇಪ್ಪತ್ತು ವರ್ಷ ನಡೆದಾಡಿದರೆ ಸಾಲದಂತೆ. ಆ ನಡೆದಾಟ ಶಾಂತವಾಗಿರಬೇಕು, ಬಹಿರಂಗವಾಗಿರಬೇಕು, ಎಡೆಬಿಡದೆ ಇರಬೇಕು, ತನ್ನ ಹಕ್ಕೆಂಬ ಭಾವನೆಯಿಂದಿರಬೇಕು. ಕದ್ದು ನಡೆದದ್ದು ನೂರು ವರ್ಷವಾದರೂ ದಾರಿಯಾಗುವುದಿಲ್ಲ. ಬಲಾತ್ಕಾರದಿಂದ ನಡೆದದ್ದೂ ಆಗುವುದಿಲ್ಲ.

ಎಷ್ಟು ಸೊಗಸಾದ ಒರೆಗಲ್ಲು! ಕಣದ ಆಯ ಈ ಒರೆಗೆ ನಿಲ್ಲುತ್ತದೆ. ಹಗಲಿನಲ್ಲಿ ಊರ ಕಣ್ಣೆದುರಿಗೆ ಅಳೆದದ್ದು ಅದು. ನಮ್ಮ ಮನೆಯ ಅವರೆಕಾಯಿ? ಬೀದಿಯಲ್ಲೇ ಹೊತ್ತು ತಂದು ಜಗಲಿಯ ಮೇಲೆ ಇಳಿಸಿದ್ದು, ಬಹಿರಂಗವೇ. ಆದರೆ ಶಾಂತವೆ? ತರದಿದ್ದರೆ ಏನಾಗುತ್ತಿತ್ತು ಎಂಬುದನ್ನು ತಂದವನ ಎದೆಗೆ ಹೊಕ್ಕು ನೋಡಬೇಕು. ಒಂದು ವರ್ಷ ಮಂಕರಿ ಬರದಿದ್ದವನ ಕಾಗದ ಮೇಜಿನ ಮೇಲೆ ಮುಂದಕ್ಕೆ ಸರಿಯುತ್ತಿತ್ತೆ, ಹಿಂದಕ್ಕೆ ಸರಿಯುತ್ತಿತ್ತೆ? ಉಡುಗೊರೆಗೂ ಮಾಮೂಲಿಗೂ ಇರುವ ಭೇದ ಅಷ್ಟು ಮಾತ್ರ ಎಂದು ನನಗೆ ಈಗ ತೋರುತ್ತದೆ. ಕೊಡದೆ ಇರುವ ಸ್ವಾತಂತ್ರ್ಯ ಇದ್ದವನು ಕೊಟ್ಟರೆ ಅದು ಉಡುಗೊರೆ. ಹುಡುಗ ದುಬೈಯಿಂದ ಡಬ್ಬಿ ತರದಿದ್ದರೂ ನಾನು ಅವನಿಗೆ ಕಾಫಿ ಕೊಡುತ್ತಿದ್ದೆ.

ಅಧಿಕಾರಿಗಳ ಕೈಯ ವಿಚಾರದಲ್ಲಿ ನಮ್ಮ ಹಿರಿಯರಿಗೆ ಭ್ರಮೆಯೇನೂ ಇರಲಿಲ್ಲ. ಕೌಟಿಲ್ಯನು ರಾಜದ್ರವ್ಯ ಅಪಹರಿಸುವ ನಲವತ್ತು ವಿಧಗಳನ್ನು ಎಣಿಸಿ ಇಟ್ಟಿದ್ದಾನೆ. ಬ್ರಿಟಿಷರು 1860ರ ದಂಡಸಂಹಿತೆಯ 161ನೆಯ ಕಲಮಿನಲ್ಲಿ ಕಾನೂನುಬದ್ಧ ಸಂಬಳವಲ್ಲದ ಯಾವ ಪ್ರತಿಫಲವೂ ಅಪರಾಧವೆಂದರು. ಮಾಮೂಲೆಂಬ ವಿನಾಯಿತಿಯನ್ನು ಅದರಲ್ಲಿ ಕಾಣೆ. 1962ರಲ್ಲಿ ನೇಮಕವಾಗಿ 1964ರಲ್ಲಿ ವರದಿ ಕೊಟ್ಟ ಸಂತಾನಂ ಸಮಿತಿ ‘ಸ್ಪೀಡ್ ಮನಿ’ ಎಂಬ ಒಂದು ಜಾತಿಯನ್ನು ಬೇರೆ ಮಾಡಿ ಹೇಳಿತು. ಅದನ್ನು ಕೊಡುವವನು ಅನ್ಯಾಯವಾದ ಏನನ್ನೂ ಬಯಸುತ್ತಿಲ್ಲ. ತನಗೆ ಬರಬೇಕಾದದ್ದೇ ಬೇಗ ಬರಲೆಂದು ಕೊಡುತ್ತಾನೆ. ಮಾಮೂಲಿನ ತಿರುಳು ಇದೇ ಎಂದು ನನ್ನ ಅಭಿಪ್ರಾಯ. ಅನ್ಯಾಯಕ್ಕೆ ಕೊಟ್ಟ ಲಂಚದಲ್ಲಿ ಇಬ್ಬರು ಪಾಲುದಾರರಿದ್ದಾರೆ, ಇಬ್ಬರಿಗೂ ಲಾಭ. ಮಾಮೂಲು ಕೊಡುವವನು ತನ್ನ ವಸ್ತುವನ್ನೇ ಎರಡನೆಯ ಸಲ ಕೊಂಡುಕೊಳ್ಳುತ್ತಾನೆ. ಎಲ್ಲರೂ ಕೊಡುವುದರಿಂದ ಯಾರಿಗೂ ಬೇಗ ಸಿಕ್ಕುವುದಿಲ್ಲ. ಕೊಡಲಾರದವನಿಗೆ ಮಾತ್ರ ತಡವಾಗುತ್ತದೆ.

ಕಟುವಾದದ್ದಕ್ಕೆ ಮೆತ್ತನೆಯ ಹೆಸರಿಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊರಡುವವನು ‘ಹೋಗುತ್ತೇನೆ’ ಎನ್ನದೆ ‘ಹೋಗಿಬರುತ್ತೇನೆ’ ಎನ್ನುತ್ತಾನೆ, ಅದು ವಾತ್ಸಲ್ಯ. ರಾತ್ರಿ ಹಾವನ್ನು ‘ಹುಳ’ ಎನ್ನುತ್ತೇವೆ, ಅದು ಭಯ. ಆದರೆ ಹುಳವೆಂದು ಹೇಳುವಾಗಲೂ ಎಲ್ಲರೂ ಕಾಲನ್ನು ಮೇಲಕ್ಕೆತ್ತಿಕೊಂಡೇ ಕೂತಿರುತ್ತಾರೆ. ಮಾಮೂಲೆಂದು ಹೇಳಿ ನಾವು ಕಾಲು ಕೆಳಗೆ ಬಿಟ್ಟು ಕುಳಿತೆವು.

ಈಗ ನನ್ನ ಸ್ವಂತ ಕತೆ. 2013ರಲ್ಲಿ ತಾಯಿಯವರೂ ಹೋದರು. ಊರಿನ ಹಳೆಯ ಮನೆಯ ಪೌತಿ ಖಾತೆಯಾಗಬೇಕಾಗಿತ್ತು. ಮಾರನೆಯ ವರ್ಷ ಕಾಗದಪತ್ರಗಳನ್ನು ಜೋಡಿಸಿಕೊಂಡು ಆ ಊರಿನ ಕಚೇರಿಗೆ ಹೋದೆ. ಮೇಜಿನ ಹಿಂದೆ ಕುಳಿತಿದ್ದವರು ಬಹಳ ವಿನಯವಂತರು. ಒಂದು ಕಾಸನ್ನೂ ಕೇಳಲಿಲ್ಲ. “ಆಗುತ್ತೆ ಸಾರ್, ಬನ್ನಿ” ಎಂದರು. ಮೂರು ಸಲ ಬನ್ನಿ ಎಂದರು. ನಾಲ್ಕನೆಯ ಸಲ ಹೊರಗೆ ಹುಣಸೆಮರದ ಕೆಳಗೆ ಅರ್ಜಿ ಬರೆಯುವವನು ನನ್ನನ್ನು ಕರೆದು, ದೊಡ್ಡವರಿಗೆ ಚಿಕ್ಕವರು ಬುದ್ಧಿ ಹೇಳುವ ಸಂಕೋಚದಿಂದ, “ಮಾಮೂಲು ಒಂದು ಇದೆಯಲ್ಲ ಸಾರ್” ಎಂದ. ಎಷ್ಟೆಂದು ಕೇಳಿದೆ. ಎರಡು ಸಾವಿರ. ನಾನು ಮೂವತ್ತು ವರ್ಷ ಮೇಷ್ಟರಾಗಿ ಹುಡುಗರಿಗೆ ಹರಿಶ್ಚಂದ್ರನ ಪಾಠ ಹೇಳಿದವನು. ಆದರೆ ಬಿಸಿಲು ಹೆಚ್ಚಾಗಿತ್ತು, ಮಂಡಿ ನೋಯುತ್ತಿತ್ತು, ಬೆಂಗಳೂರಿನ ಬಸ್ಸು ಹೊರಡುವ ಹೊತ್ತಾಗಿತ್ತು. ಕೊಟ್ಟೆ. ನನಗೆ ನಾಚಿಕೆಯಾಗಬೇಕಾಗಿತ್ತು, ಆದದ್ದು ಹಗುರ. ಅದೇ ಆ ಶಬ್ದದ ಮಹಿಮೆ. ಅವನು “ಲಂಚ ಕೊಡಿ” ಎಂದಿದ್ದರ ಕೊಡುತ್ತಿರಲಿಲ್ಲವೆಂದು ಈಗಲೂ ಆಣೆ ಮಾಡಬಲ್ಲೆ.

ಕೊಡುವವನೂ ಅಪರಾಧಿಯೆಂದು, ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರೆಂದು, 2018ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ನಾನು ಕೊಟ್ಟದ್ದು ಅದಕ್ಕೆ ಮೊದಲು ಎಂದು ವಕೀಲ ಮಿತ್ರರಿಗೆ ಹೇಳಿದೆ. “ಆಗಲೂ ಪ್ರೇರಣೆ ಅಂತ ಒಂದು ಕಲಮು ಇತ್ತು, ಸ್ವಾಮಿ” ಎಂದು ಅವರು ನಕ್ಕರು.

ನನಗೆ ದಿನವಹಿ ಲೆಕ್ಕ ಬರೆಯುವ ಚಟವಿದೆ. ಆ ರಾತ್ರಿ ಪುಸ್ತಕ ತೆರೆದು ಕುಳಿತು ಎರಡು ಸಾವಿರವನ್ನು ಎಲ್ಲಿ ಬರೆಯಲಿ ಎಂದು ತಿಳಿಯಲಿಲ್ಲ. ಲಂಚವೆಂದು ಬರೆಯಲು ಕೈ ಬರಲಿಲ್ಲ. ಮಾಮೂಲೆಂದು ಬರೆಯಲೂ ಬರಲಿಲ್ಲ. ಬಾಯಲ್ಲಿ ಸಲೀಸಾಗಿ ಬಂದ ಶಬ್ದ ಲೇಖನಿಯಲ್ಲಿ ನಿಂತುಬಿಟ್ಟಿತು. ಕೊನೆಗೆ ಪ್ರಯಾಣದ ಬಾಬಿನಲ್ಲಿ ಸೇರಿಸಿದೆ. ವಾರದ ಮೇಲೆ ನಮ್ಮ ಮನೆಯಾಕೆ ಅದನ್ನು ನೋಡಿ, “ಅಷ್ಟು ದೂರಕ್ಕೆ ಎರಡು ಸಾವಿರ ಬಸ್ ಚಾರ್ಜೇ?” ಎಂದಳು. ನಾನು ಪತ್ರಿಕೆ ಓದುತ್ತಿದ್ದೆ. ಕೇಳಿಸದವನಂತೆ ಓದುತ್ತಲೇ ಇದ್ದೆ.

ಖಾತೆಯಾದ ಮೇಲೆ ಮನೆ ಖಾಲಿ ಮಾಡಿಸಲು ಮತ್ತೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ತಂದೆಯವರ ಲೆಕ್ಕದ ಪುಸ್ತಕಗಳು ಸಿಕ್ಕಿದವು. ಈ ಚಟ ನನಗೆ ಅವರಿಂದಲೇ ಬಂದದ್ದು. 1955ರ ಪುಸ್ತಕದಲ್ಲಿ, ಜಮೆಯ ಕಡೆ, ಸಂಬಳದ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ‘ಮಾಮೂಲು’ ಎಂಬ ಶಿರೋನಾಮೆಯೇ ಇತ್ತು. ಅವರೆಕಾಯಿ 1 ಮಂಕರಿ, ಬೆಲ್ಲ 4 ಅಚ್ಚು, ತೆಂಗಿನಕಾಯಿ 12, ಪ್ರತಿಯೊಂದಕ್ಕೂ ಕೊಟ್ಟವರ ಹೆಸರು, ಊರು. ಏನನ್ನೂ ಮುಚ್ಚಿಟ್ಟಿರಲಿಲ್ಲ. ಆ ಮುದುಕರು ಹೇಳಿದ್ದು ಸರಿಯೆನ್ನಿಸಿ ನನಗೆ ಎದೆ ತುಂಬಿ ಬಂತು. ಪುಟ ತಿರುವಿದೆ. ಅಲ್ಲಿ ಒಬ್ಬ ಹೆಂಗಸಿನ ಹೆಸರು, ಅದರ ಮುಂದೆ ‘ಪೌತಿ ಖಾತೆ ಬಗ್ಗೆ, ರೂ. 1’ ಎಂದಿತ್ತು.

ಆಕೆಯ ಹೆಸರನ್ನು ಕಂಡೊಡನೆ ಆಕೆಯೇ ಕಂಡಂತಾಯಿತು. ಗಂಡ ಸತ್ತ ವರ್ಷ ನಮ್ಮ ಜಗಲಿಯ ಕಂಬಕ್ಕೆ ಒರಗಿ ತಂದೆಯವರು ಕಚೇರಿಯಿಂದ ಬರುವುದನ್ನೇ ಕಾಯುತ್ತ ಕುಳಿತಿರುತ್ತಿದ್ದಳು. ಒಂದು ದಿನ ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿದ್ದು ನೆನಪಿದೆ. ನನಗೆ ಆಗ ಎಂಟು ವರ್ಷ. ಹೆಣ್ಣಾಳಿನ ಒಂದು ದಿನದ ಕೂಲಿ ಆಗ ಒಂದು ರೂಪಾಯಿ ತುಂಬುತ್ತಿರಲಿಲ್ಲ. ತಂದೆಯವರು ಕೇಳಿರಲಾರರು. ಆಕೆಗೆ ಯಾರೋ ಹೇಳಿರಬೇಕು, ಮಾಮೂಲು ಒಂದು ಇದೆ ಎಂದು. ಪುಟದ ಕೆಳಗೆ ಮೊತ್ತ ಕೂಡಿಸಿ, ತಾಳೆ ನೋಡಿ, ಅಡ್ಡಗೆರೆ ಎಳೆದಿದ್ದರು.

ಆಕೆಯ ಮನೆ ನಮ್ಮ ಬೀದಿಯ ತುದಿಯಲ್ಲಿತ್ತು. ಈಗ ಅದರ ಮುಂಭಾಗದಲ್ಲಿ ಮೊಮ್ಮಗ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಸಂಜೆ ಅಲ್ಲಿಗೆ ಹೋದೆ. ಏನು ಹೇಳಬೇಕೆಂದು ಹೋದೆನೋ ಅದು ಅಂಗಡಿಯ ಮುಂದೆ ನಿಂತಾಗ ಹೊಳೆಯಲಿಲ್ಲ. ನನ್ನ ಫೋನಿಗೆ ಒಂದು ಕವರು ಹಾಕಿಕೊಡೆಂದು ಕೇಳಿ, ಇನ್ನೂರು ರೂಪಾಯಿ ಕೊಟ್ಟು, “ಇರಲಿ ಇಟ್ಟುಕೊಳ್ಳಪ್ಪಾ” ಎಂದು ಹೊರಟೆ.

“ಯಾಕೆ ಸಾರ್? ರೇಟು ನೂರೈವತ್ತೇ” ಎಂದು ಅವನು ಹಿಂದೆಯೇ ಬಂದು ಐವತ್ತು ರೂಪಾಯಿ ನನ್ನ ಕೈಗೆ ಹಾಕಿ ಹೋದ.